ಎಡಿಟಿಂಗ್‌ನಾಗ ಸರಿ ಮಾಡ್ತೀನ್ರಿ

ವಾಡಿ ಜಂಕ್ಷನ್ನಿನಿಂದ ಸೇಡಂವರೆಗೆ ಯಾವ ಊರಲ್ಲಿ ಇಳಿದರೂ ಅವನೊಬ್ಬ ಸಿಕ್ಕೇ ಸಿಗುತ್ತಾನೆ. ಕಂತಿನ ಮೇಲೆ ಕೊಂಡ ಕ್ಯಾಮೆರಾ, ಅದರ ಜೊತೆಗೇ ಬಂದ 18-55 ಲೆನ್ಸು, ಕಂಪನಿಯ ಹೆಸರು ಎದ್ದು ಕಾಣುವ ಪಟ್ಟಿ. ಕೊರಳಿಗೆ ಹಾಕಿಕೊಳ್ಳುವಾಗ ಆ ಹೆಸರು ಹೊರಮುಖವಾಗಿರಬೇಕು ಎಂಬ ಪಾಠವನ್ನು ಅವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಉಳಿದ ಪಾಠಗಳ ವಿಷಯ ಬೇರೆ.

ಪಾಪ, ಅವನನ್ನು ಕೆಡಿಸಿದ್ದು ಈ ಸೀಮೆಯ ಬಿಸಿಲು. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ನೆಲದಲ್ಲಿ ಮಳೆಗೆ ಬರ ಬಂದೀತು, ಬೆಳಕಿಗೆ ಬರುವುದಿಲ್ಲ. ಬೆಳಕು ಅಷ್ಟಿದ್ದಾಗ ಕ್ಯಾಮೆರಾ ತಾನೇ ಎಲ್ಲ ನೋಡಿಕೊಳ್ಳುತ್ತದೆ. ಸನ್ನತಿಗೆ ಹೋಗಿ ಚಂದ್ರಲಾಂಬೆಗೆ ಕೈಮುಗಿದು, ಸಂಜೆ ಭೀಮಾ ದಂಡೆಗೆ ಗೆಳೆಯನನ್ನು ಕಪ್ಪು ಕನ್ನಡಕದ ಸಮೇತ ನಿಲ್ಲಿಸಿ ನಾಲ್ಕು ಸಲ ಒತ್ತಿದರೆ ನಾಲ್ಕೂ ಛಲೋ ಬರುತ್ತವೆ. ತೊಗರಿ ಹೂ ಬಿಟ್ಟ ಹೊಲದಲ್ಲಿ ಅಕ್ಕನ ಮಗಳನ್ನು ನಿಲ್ಲಿಸಿದರೆ ಅದೂ ಬರುತ್ತದೆ. ಅವು ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಮೆರೆದು, ಕೆಳಗೆ ಮೂಲೆಯಲ್ಲಿ ಅವನ ಹೆಸರಿನ ಮುಂದೆ 'ಫೋಟೋಗ್ರಫಿ' ಎಂದೂ ಬಿದ್ದ ಮೇಲೆ ಊರು ಸುಮ್ಮನಿರುತ್ತದೆಯೇ? ಡಿಸೆಂಬರ್ 31ಕ್ಕೆ ಕಾಲೊನಿ ಹಾಲ್‌ನಲ್ಲಿ ಕ್ರಿಸ್‌ಮಸ್ಸೂ ಹೊಸ ವರ್ಷವೂ ಸೇರಿದ ಪಾರ್ಟಿ. ಕಾಕಾ ಕರೆಸಿ ಹೇಳುತ್ತಾರೆ: "ಹೊರಗಿನವ್ರಿಗ್ಯಾಕ ರೊಕ್ಕ ಕೊಡೋದು? ನಮ್ಮ ಹುಡುಗನೇ ಅದಾನಲ್ಲ." ನಮ್ಮ ಹುಡುಗ ಎಂದ ಮೇಲೆ ರೊಕ್ಕದ ಮಾತು ಅಲ್ಲಿಗೆ ಮುಗಿಯಿತು.

ಏಳಕ್ಕೆ ಪಾರ್ಟಿ ಅಂದರೆ ಇವನು ಐದಕ್ಕೇ ಹಾಜರು. ಮೈಮೇಲೆ ಎಂಟು ಜೇಬಿನ ಜಾಕೀಟು. ಒಂದು ಜೇಬಿನಲ್ಲಿ ಲೆನ್ಸಿನ ಮುಚ್ಚಳ ಇದೆ. ಯಾವ ಜೇಬು ಎಂಬುದು ರಾತ್ರಿಯಿಡೀ ನಡೆಯುವ ಸಂಶೋಧನೆ. ಖಾಲಿ ಹಾಲ್‌ನಲ್ಲಿ ಅವನು ತೆಗೆದ ಕುರ್ಚಿಗಳ ಚಿತ್ರಗಳು ನಿಜಕ್ಕೂ ಚೆನ್ನಾಗಿರುತ್ತವೆ. ಕಿಟಕಿಯಿಂದ ಇನ್ನೂ ಬಿಸಿಲು ಬರುತ್ತಿತ್ತಲ್ಲ.

ಕತ್ತಲಾಯಿತು. ಜನ ಬಂದರು, ಸೀರಿಯಲ್ ಸೆಟ್ ಹತ್ತಿತು, ಕೆಂಪಂಗಿ ತೊಟ್ಟ ಸಾಂಟಾ ಹತ್ತಿ ಗಡ್ಡ ಸರಿಪಡಿಸಿಕೊಳ್ಳುತ್ತ ಒಳಗೆ ಬಂದ. ಇವನು ಗುರಿಯಿಟ್ಟು ಒತ್ತಿದ. ಕ್ಯಾಮೆರಾ ಗುರ್ ಗುರ್ ಎಂದು ಮುಂದೆ ಹಿಂದೆ ಹುಡುಕಾಡಿತೇ ಹೊರತು ಸಾಂಟಾ ಮೇಲೆ ನಿಲ್ಲಲಿಲ್ಲ. ಅದರ ತಪ್ಪೂ ಇಲ್ಲ. ಈ ಲೆನ್ಸನ್ನು 55ಕ್ಕೆ ಎಳೆದರೆ ಅದರ ಕಂಡಿ 5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ. ಒಳಗೆ ಬರುವ ಬೆಳಕು ಅಷ್ಟಕ್ಕಷ್ಟೆ. ಕೊರತೆ ತುಂಬಲು ಯಂತ್ರ ಷಟರನ್ನು ನಿಧಾನ ಮಾಡಿತು, ಸಾಂಟಾ ಅಷ್ಟರಲ್ಲಿ ಚಾಕಲೇಟು ಎಸೆಯಲು ಕೈ ಎತ್ತಿದ. ಚಿತ್ರದಲ್ಲಿ ಸಾಂಟಾಗೆ ಚಂದ್ರಲಾಂಬೆಗಿಂತ ಹೆಚ್ಚು ಕೈಗಳು.

"ಹೆಂಗ ಬಂತಪ?" ಎಂದರು ಕಾಕಾ.

"ಸೆಟ್ಟಿಂಗ್ ಮಾಡ್ಲಾಕತ್ತೀನ್ರಿ. ಎಡಿಟಿಂಗ್‌ನಾಗ ಸರಿ ಮಾಡ್ತೀನಿ."

ಈಗ ಹೊರಬಂತು ಬ್ರಹ್ಮಾಸ್ತ್ರ, ಗೆಳೆಯನಿಂದ ಎರವಲು ತಂದ ಫ್ಲ್ಯಾಶು. ನೇರ ಮುಖಕ್ಕೆ ಹೊಡೆಯಬಾರದು, ಛತ್ತಿಗೆ ಹೊಡೆದು ಬೆಳಕನ್ನು ಮೇಲಿಂದ ಇಳಿಸಬೇಕು ಎಂದು ಯೂಟ್ಯೂಬಿನಲ್ಲಿ ನೋಡಿಕೊಂಡು ಬಂದಿದ್ದ. ಮಾತು ಸರಿಯೇ. ಯೂಟ್ಯೂಬಿನವನ ಮನೆಯ ಛತ್ತು ಬೆಳ್ಳಗಿತ್ತು. ನಮ್ಮ ಡೆಕೊರೇಷನ್ನಿನವರು ಹಾಲ್ ತುಂಬ ಗುಲಾಬಿ ಮತ್ತು ಹಸಿರು ಬಟ್ಟೆ ಕಟ್ಟಿದ್ದರು. ಬಟ್ಟೆಗೆ ಬಡಿದ ಬೆಳಕು ಬಟ್ಟೆಯ ಬಣ್ಣ ಹೊತ್ತೇ ಇಳಿಯುವುದು. ಎಡಗಡೆಯ ಬೀಗರೆಲ್ಲ ಗುಲಾಬಿಯಾದರು, ಬಲಗಡೆಯವರು ಹಸಿರಾದರು, ನಡುವೆ ನಿಂತ ಒಬ್ಬ ಹೆಣ್ಣುಮಗಳು ಅರ್ಧರ್ಧ. ಸಿಟ್ಟಿಗೆ ಫ್ಲ್ಯಾಶನ್ನು ನೇರ ತಿರುಗಿಸಿದ. ದೂರ ಎರಡರಷ್ಟಾದರೆ ಫ್ಲ್ಯಾಶಿನ ಬೆಳಕು ನಾಲ್ಕನೇ ಒಂದು ಪಾಲಿಗೆ ಇಳಿಯುತ್ತದೆ, ಅದು ಯಾರ ಮುಲಾಜನ್ನೂ ನೋಡುವುದಿಲ್ಲ. ಮುಂದಿನ ಸಾಲಿನ ಮಕ್ಕಳು ಸುಣ್ಣ ಬಳಿದಷ್ಟು ಬೆಳ್ಳಗೆ. ಹಿಂದಿನ ಸಾಲಿನ ಹಿರಿಯರು, ಅಂದರೆ ಚಂದಾ ಕೊಟ್ಟವರು, ಕತ್ತಲಲ್ಲಿ ಬರೀ ಹಲ್ಲು.

ಗ್ರೂಪ್ ಫೋಟೋದ ವಿಷಯಕ್ಕೆ ಬಂದರೆ ನನಗೆ ಸನ್ನತಿ ಪಕ್ಕದ ಕನಗನಹಳ್ಳಿಯದೇ ನೆನಪಾಗುವುದು. ಅಲ್ಲಿ ಬೌದ್ಧ ಸ್ತೂಪ ಅಗೆದಾಗ ಸಿಕ್ಕ ಒಂದು ಫಲಕದಲ್ಲಿ ಅಶೋಕ ರಾಣಿಯೊಡನೆ ನಿಂತಿದ್ದಾನೆ, ಜೊತೆಗೆ ಚಾಮರದವರು, ಕೊಡೆಯವರು. ಬ್ರಾಹ್ಮಿಯಲ್ಲಿ ಅಶೋಕ ರಾಜನೆಂದು ಹೆಸರೂ ಇದೆ. ಇಂಥವನು ಅಶೋಕ ಎಂದು ನಾವು ಬೆರಳು ತೋರಿಸುವುದು ಆ ಹೆಸರಿನ ಬಲದಿಂದಲೇ. ಈ ಸೀಮೆಯ ಸುಣ್ಣದಕಲ್ಲು ಈಗ ಸಿಮೆಂಟಿಗೆ ಹೋಗುತ್ತದೆ, ಆಗ ಫೋಟೋಕ್ಕೆ ಹೋಗುತ್ತಿತ್ತು. ಕೆತ್ತಿದವನಿಗೆ ಒಂದು ಅನುಕೂಲವಿತ್ತೆನ್ನಿ: "ಒಂದು ನಿಮಿಷ ತಡೀರಿ, ನಮ್ಮತ್ತಿ ಸೀರಿ ಸರಿ ಮಾಡ್ಕೊಂಡು ಬರ್ಲಾಕತ್ಯಾರ" ಎಂದು ಅವನಿಗೆ ಯಾರೂ ಕೂಗಿರಲಿಕ್ಕಿಲ್ಲ.

ಇಲ್ಲಿ ಕೂಗಿದರು. ಅತ್ತಿ ಬಂದರು, ಅಷ್ಟರಲ್ಲಿ ಮಾವ ಸುಸಲಾ-ಮಿರ್ಚಿ ಕಡೆಗೆ ಹೋಗಿದ್ದರು. ಮಾವನನ್ನು ಕರೆತಂದರೆ ಮಿರ್ಚಿ ಬಾಯಲ್ಲೇ ಇತ್ತು. "ಮಾವಾ, ನಗ್ರಿ" ಎಂದ ಇವನು. ಬಾಯಿ ತುಂಬ ಮಿರ್ಚಿ ಇಟ್ಟುಕೊಂಡು ನಗುವ ಮನುಷ್ಯನ ಚಿತ್ರ ಆ ರಾತ್ರಿಯ ಅತ್ಯಂತ ಸ್ಪಷ್ಟವಾದ ಚಿತ್ರ. ಕೂದಲು ಕೂದಲೂ ಎಣಿಸಬಹುದು.

ಡಿಜೆಯವನು ಎಲ್‌ಇಡಿ ಹಾಕಿದ ಮೇಲೆ ಇನ್ನೊಂದು ಕಂಟಕ. ನಮ್ಮ ಕರೆಂಟು ಸೆಕೆಂಡಿಗೆ 50 ಸುತ್ತು, ಅಗ್ಗದ ಎಲ್‌ಇಡಿ ಅದರ ತಾಳಕ್ಕೆ ಸೆಕೆಂಡಿಗೆ ನೂರು ಸಲ ಮಿಣಮಿಣ ಮಾಡುತ್ತದೆ. ಕಣ್ಣಿಗೆ ಗೊತ್ತಾಗದು, ಕ್ಯಾಮೆರಾಕ್ಕೆ ಗೊತ್ತಾಗುತ್ತದೆ. ಕುಣಿಯುವವರನ್ನು ಹಿಡಿಯಲೆಂದು ಷಟರ್ ಜೋರು ಮಾಡಿದರೆ ಎಲ್ಲರ ಮೇಲೂ ಅಡ್ಡಪಟ್ಟೆ. ಇವನು ಲೆನ್ಸನ್ನು ಜಾಕೀಟಿನ ತುದಿಯಿಂದ ಒರೆಸಿದ. ಪಟ್ಟೆ ಹೋಗಲಿಲ್ಲ, ಜಾಕೀಟಿನ ನೂಲೊಂದು ಸೇರಿಕೊಂಡಿತು.

ಹನ್ನೆರಡಕ್ಕೆ ಒಂದು ನಿಮಿಷವಿದೆ ಎನ್ನುವಾಗ, ಇಡೀ ಪಾರ್ಟಿಗೆ ಒಂದೇ ಒಂದು ಫೋಟೋ ಬೇಕಾದದ್ದು ಯಾವಾಗಲೋ ಆವಾಗ, ಯಾರೋ ಸಂಪ್ರದಾಯದಂತೆ ಮೇನ್ ಸ್ವಿಚ್ ಆರಿಸಿದರು. ಕೇಕಿನ ಮೇಲೆ ಚಿಟಿಚಿಟಿ ಉರಿಯುವ ಒಂದು ಬತ್ತಿ ಬಿಟ್ಟರೆ ಕಗ್ಗತ್ತಲು. ಐಎಸ್‌ಒ ಎಷ್ಟಿದೆಯೋ ಅಷ್ಟೂ ಏರಿಸಿದ. ಫ್ಲ್ಯಾಶಿನ ಸೆಲ್ ಇಳಿದಿತ್ತು. ಕುಂಯ್ ಎನ್ನುತ್ತ ಚಾರ್ಜಾಗತೊಡಗಿತು. ಹತ್ತು, ಒಂಬತ್ತು, ಎಂಟು ಎಂದು ಜನ ಎಣಿಸಿದರು. ಕುಂಯ್. ಮೂರು, ಎರಡು, ಒಂದು. ಲೈಟು ಹತ್ತಿತು, ಫ್ಲ್ಯಾಶೂ ಹತ್ತಿತು, ಅದೇ ಕ್ಷಣಕ್ಕೆ ಪಕ್ಕದ ಹುಡುಗ ಸ್ನೋ ಸ್ಪ್ರೇ ಒತ್ತಿದ. ಹೊಸ ವರ್ಷದ ಮೊದಲ ಚಿತ್ರದಲ್ಲಿ ಬಿಳೀ ನೊರೆ, ನೊರೆಯಾಚೆ ಯಾರದೋ ಕಿವಿ.

ಅಷ್ಟು ಹೊತ್ತಿಗೆ ಹಾಲ್‌ನಲ್ಲಿದ್ದ ಅಷ್ಟೂ ಮೊಬೈಲು ಆ ಕೇಕನ್ನು ಹಿಡಿದು, ಚಿಂಚೋಳಿಯ ಬೀಗರಿಂದ ಪುಣೆಯ ಮಗನವರೆಗೆ ಕಳಿಸಿ ಆಗಿತ್ತು. ಆದರೂ ಜನ ಮೊಬೈಲನ್ನು ಫೋಟೋ ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಕ್ಯಾಮೆರಾದವನು ಬಂದಿದ್ದ ಎಂದರೆ ಕಾರ್ಯಕ್ರಮಕ್ಕೆ ತೂಕ. ಅವನು ಎದುರು ಕುಕ್ಕರಗಾಲಲ್ಲಿ ಕೂತು ಒಂದು ಕಣ್ಣು ಮುಚ್ಚಿದಾಗ ಸೀರೆ ಸೆರಗು ತಾನೇ ಸರಿಯಾಗುತ್ತದೆ, ಜಗಳಾಡಿದ ಅಣ್ಣತಮ್ಮಂದಿರು ಹೆಗಲ ಮೇಲೆ ಕೈ ಹಾಕುತ್ತಾರೆ. ಚಿತ್ರ ಬರುವುದು ಬಿಡುವುದು ಆಮೇಲಿನ ಮಾತು.

ಆ ಆಮೇಲಿನದು ಸಂಕ್ರಾಂತಿ ದಾಟಿ ಬರುತ್ತದೆ. ಅವನು ರಾತ್ರಿಗಟ್ಟಲೆ ಕೂತು ಹಸಿರು ಮುಖಗಳನ್ನು ಗೋಧಿ ಬಣ್ಣಕ್ಕೆ ತಂದಿದ್ದಾನೆ. ಎಲ್ಲರ ಮೊಡವೆ ತೆಗೆಯುವ ಭರದಲ್ಲಿ ಕಾಕಾನ ಮಚ್ಚೆಯೂ ಹೋಗಿದೆ. ಮನೆಯವರೆಲ್ಲ ಟಿವಿ ಮುಂದೆ ಕೂತು ನೋಡುತ್ತಾರೆ. ಅಲುಗಿದ್ದು, ಮಸುಕಾದದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ಬೀಳುವುದು ಒಂದೇ: "ಸಣ್ಣತ್ತಿದು ಒಂದೂ ಇಲ್ಲಲ್ಲೋ! ದೊಡ್ಡತ್ತಿದು ಇಷ್ಟ್ಯಾಕ ಅವ?" ಅವನು ಬೆವರುತ್ತಾನೆ. ಸಣ್ಣತ್ತಿ ನೊರೆಯಾಚೆಯ ಕಿವಿ ಎಂದು ಹೇಗೆ ಹೇಳುವುದು?

ಕಾಕಾ ಮಾತ್ರ ಪೆನ್‌ಡ್ರೈವನ್ನು ಕೈಯಲ್ಲಿ ತಿರುಗಿಸುತ್ತ ಕೇಳುತ್ತಾರೆ:

"ತಮ್ಮಾ, ಇದರಾಗ ಇನ್ನೂ ಜಾಗ ಉಳದದೇನು?"

"ಅದರೀ ಕಾಕಾ."

"ಹಂಗಿದ್ರ ಎರಡು ರಾಜಕುಮಾರ್ ಸಿನಿಮಾ ಹಾಕಿಕೊಡು."