ಹಸಿರು ಶಾಯಿಯ ರಾಯರು

ದೆಹಲಿ ಕನ್ನಡಿಗರಲ್ಲಿ ಇವರನ್ನು ಅರಿಯದವರು ಕಡಿಮೆ. ಹೆಸರು ಮಾತ್ರ ಹೇಳುವುದಿಲ್ಲ. ಹೇಳಿದರೆ ಆರ್.ಕೆ. ಪುರಂನಿಂದ ಇಬ್ಬರು, ಮಯೂರ್ ವಿಹಾರದಿಂದ ಒಬ್ಬರು, ದ್ವಾರಕಾದಿಂದ ಮೂವರು ಫೋನು ಮಾಡಿ "ನನ್ನ ಮೇಲೇ ಬರೆದಿದ್ದೀಯಲ್ಲಮ್ಮ" ಎನ್ನುತ್ತಾರೆ. ಅಷ್ಟಕ್ಕೇ ಬಿಡುವುದೂ ಇಲ್ಲ. ಎರಡನೇ ಪ್ಯಾರಾವನ್ನು ಮೊದಲನೆಯದಾಗಿ ಹಾಕಬೇಕಿತ್ತು ಎಂದೂ ಸೇರಿಸುತ್ತಾರೆ. ಆದ್ದರಿಂದ ಸುಮ್ಮನೆ ರಾಯರು ಎಂದಿಟ್ಟುಕೊಳ್ಳೋಣ.

ರಾಯರು ಕೇಂದ್ರ ಸಚಿವಾಲಯದಲ್ಲಿ ಅಸಿಸ್ಟೆಂಟಾಗಿ ಸೇರಿ, ಫೈಲುಗಳ ನಡುವೆಯೇ ಕೂದಲು ನರೆಸಿಕೊಂಡು, ಡೈರೆಕ್ಟರ್ ಆಗಿ ನಿವೃತ್ತರಾದವರು. ಅದರ ಮೇಲಿನ ಮೆಟ್ಟಿಲು ಜಾಯಿಂಟ್ ಸೆಕ್ರೆಟರಿ. ಆ ಒಂದು ಮೆಟ್ಟಿಲು ಹತ್ತಲಾಗಲಿಲ್ಲ ಎನ್ನುವುದು ಮನೆಯವರಿಗೆ ಪಿಂಚಣಿಯ ಲೆಕ್ಕವಾದರೆ ರಾಯರಿಗೆ ಶಾಯಿಯ ಲೆಕ್ಕ. ಸಚಿವಾಲಯದ ಕಾರ್ಯವಿಧಾನದ ಕೈಪಿಡಿಯಲ್ಲಿ ಹೀಗೊಂದು ನಿಯಮವಿದೆ: ಫೈಲಿನ ಟಿಪ್ಪಣಿಗೆ ನೀಲಿ ಇಲ್ಲವೇ ಕಪ್ಪು ಶಾಯಿ; ಹಸಿರು, ಕೆಂಪು ಬಳಸುವ ಅಧಿಕಾರ ಜಾಯಿಂಟ್ ಸೆಕ್ರೆಟರಿ ಮತ್ತು ಅದಕ್ಕೂ ಮೇಲಿನವರಿಗೆ, ಅದೂ ಅಪರೂಪಕ್ಕೆ. ಸರ್ವಿಸಿನ ಉದ್ದಕ್ಕೂ ಬೇರೆಯವರ ಹಸಿರು ಗೀಟಿನ ಕೆಳಗೆ ನೀಲಿಯಲ್ಲಿ ಸಹಿ ಹಾಕಿದ ಮನುಷ್ಯ, ನಿವೃತ್ತಿಯ ಮಾರನೆಯ ಬೆಳಿಗ್ಗೆ ಸರೋಜಿನಿ ನಗರ ಮಾರ್ಕೆಟ್ಟಿಗೆ ಹೋಗಿ ಒಂದು ಡಜನ್ ಹಸಿರು ಪೆನ್ನು ತಂದರು.

ಅಂದಿನಿಂದ ಹಸಿರು ಬೀಳದ ಕಾಗದವಿಲ್ಲ. ಮದುವೆಯ ಕರೆಯೋಲೆ ಕೊಡಲು ಹೋದರೆ 'ಸುಖಾಗಮನ' ಪದದ ಸುತ್ತ ಒಂದು ವೃತ್ತ ಬರೆದು ಕೇಳುತ್ತಾರೆ, "ಇನ್ನೂ ಪ್ರಿಂಟಿಗೆ ಹೋಗಿಲ್ಲ ತಾನೆ?" ಕೈಯಲ್ಲಿರುವುದೇ ಪ್ರಿಂಟ್ ಆದದ್ದು ಎಂದು ಯಾವ ಬಾಯಲ್ಲಿ ಹೇಳುವುದು? ರಾಜ್ಯೋತ್ಸವದ ಸ್ಮರಣ ಸಂಚಿಕೆ, ಹೌಸಿಂಗ್ ಸೊಸೈಟಿಯ ನೀರಿನ ನೋಟೀಸು, ಪುರೋಹಿತರು ಕೊಟ್ಟ ಸಾಮಾನಿನ ಚೀಟಿ, ಎಲ್ಲಕ್ಕೂ ಅಂಚಿನಲ್ಲಿ ಟಿಪ್ಪಣಿ. ಚೀಟಿಯಲ್ಲಿ ದರ್ಭೆಯ ಎದುರು 'ಪ್ರಮಾಣ ನಮೂದಿಸಿಲ್ಲ' ಎಂದು ಬರೆದಿದ್ದರು.

ಇಂಥವರ ಬಳಿಗೆ ನನ್ನ ಮಗಳನ್ನು ನಾನೇ ಕೈಹಿಡಿದು ಕರೆದುಕೊಂಡು ಹೋದೆ.

ಅವಳು ನೋಯ್ಡಾದಲ್ಲಿ ಬಿಸಿಎ ಎರಡನೇ ವರ್ಷ. ಸೆಮಿಸ್ಟರಿಗೆ ಒಂದು ವೆಬ್‌ಸೈಟ್ ಮಾಡಬೇಕು, ಐದು ಜನರಿಗೆ ತೋರಿಸಿ ಅಭಿಪ್ರಾಯ ಕೇಳಬೇಕು, ಏನು ತಿದ್ದಿದೆ ಎಂದು ವರದಿ ಬರೆಯಬೇಕು. ಐದೇ ಯಾಕೆ ಎಂದು ಕೇಳಿದೆ. ಯಾಕೋಬ್ ನೀಲ್ಸನ್ ಎಂಬಾತ 2000ದಲ್ಲಿ ಬರೆದಿದ್ದಾನಂತೆ: ಐದು ಜನ ಬಳಸಿ ನೋಡಿದರೆ ಸಾಕು, 100ರಲ್ಲಿ 85 ಕುಂದು ಸಿಕ್ಕಿಬಿಡುತ್ತವೆ. ಆ ಪುಣ್ಯಾತ್ಮ ನಮ್ಮ ರಾಯರನ್ನು ನೋಡಿರಲಿಲ್ಲ. ನೋಡಿದ್ದರೆ ಒಬ್ಬರೇ ಸಾಕು, ಉಳಿದ 15 ಕುಂದನ್ನೂ ಅವರೇ ಸೃಷ್ಟಿಸಿಕೊಡುತ್ತಾರೆ ಎಂದು ಬರೆಯುತ್ತಿದ್ದ.

ಮಗಳು ಆರಿಸಿಕೊಂಡ ವಿಷಯ ದೆಹಲಿಯಲ್ಲಿ ಕನ್ನಡದ ಜಾಗಗಳು. ಲೋಧಿ ಎಸ್ಟೇಟಿನ ಕನ್ನಡ ಶಾಲೆ, ಆರ್.ಕೆ. ಪುರಂ ಸೆಕ್ಟರ್ 12ರ ದೆಹಲಿ ಕರ್ನಾಟಕ ಸಂಘ, ಚಾಣಕ್ಯಪುರಿಯ ಕರ್ನಾಟಕ ಭವನ, ಮತ್ತು 2018ರಲ್ಲಿ ಪಿಂಕ್ ಲೈನಿನ ಮೋತಿ ಬಾಗ್ ನಿಲ್ದಾಣಕ್ಕೆ ಸೇರಿಕೊಂಡ ನಮ್ಮ ಸರ್ ವಿಶ್ವೇಶ್ವರಯ್ಯನವರ ಹೆಸರು. ಕನ್ನಡದ ಬರಹ ನನ್ನದು. ನಾನು ಹಳೆಯ 'ನುಡಿ' ತಂತ್ರಾಂಶದಲ್ಲಿ ಟೈಪ್ ಮಾಡಿ ಕಳಿಸಿದೆ. ಅವಳ ಕಡೆ ಅದು ತಲೆಯ ಮೇಲೆ ಎರಡೆರಡು ಚುಕ್ಕೆ, ಬಾಲ, ಟೋಪಿ ಇಟ್ಟುಕೊಂಡ ಇಂಗ್ಲಿಷ್ ಅಕ್ಷರಗಳಾಗಿ ಸುರಿಯಿತು. "ಅಮ್ಮಾ, ಫ್ರೆಂಚಲ್ಲಿ ಬೈದಿದ್ದೀಯಾ?" ಎಂದು ಕೇಳಿದಳು. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಸೀಟು ಸಿಕ್ಕಿದ್ದರೂ ನನ್ನ ಲ್ಯಾಪ್‌ಟಾಪಿಗೆ ಸುದ್ದಿ ಮುಟ್ಟಿರಲಿಲ್ಲ. ಪರಿವರ್ತಕಕ್ಕೆ ಹಾಕಿ ಸರಿಮಾಡಿದ್ದಾಯಿತು.

ಮೊದಲ ನಾಲ್ಕು ಅಭಿಪ್ರಾಯ ಅರ್ಧ ದಿನದಲ್ಲಿ ಮುಗಿದವು. ಬೆಂಗಳೂರಿನ ಅತ್ತೆ ಮೂರು ಹೆಬ್ಬೆರಳು, ಒಂದು ಗುಲಾಬಿ ಕಳಿಸಿದರು. ಪಕ್ಕದ ಮನೆಯ ಪಂಜಾಬಿ ಆಂಟಿ "ಬಹುತ್ ಪ್ಯಾರಾ, ಬೇಟಾ" ಎಂದು ಗಾಜರ್ ಹಲ್ವಾ ಕೊಟ್ಟರು. ಗುರುಗ್ರಾಮದ ಕಸಿನ್, ಸೈಟು ತೆರೆಯುವ ಮೊದಲೇ, "ರಿಯಾಕ್ಟಲ್ಲಿ ಮಾಡಬೇಕಿತ್ತು, ಇದು ಸ್ಕೇಲ್ ಆಗಲ್ಲ" ಎಂದ. ನಮ್ಮ ಯಜಮಾನರು ಕೇಳಿದ್ದು ಒಂದೇ, ಇದಕ್ಕೆ ಎಷ್ಟು ಮಾರ್ಕ್ಸು?

ಈ ನಾಲ್ಕರಲ್ಲಿ ವರದಿಗೆ ಬರೆದುಕೊಳ್ಳಲು ಹಲ್ವಾ ಬಿಟ್ಟರೆ ಏನೂ ಇರಲಿಲ್ಲ. ರಾಯರ ಹೆಸರು ನನ್ನ ಬಾಯಿಗೆ ಬಂದದ್ದು ಹಾಗೆ.

ಫೋನಿನಲ್ಲಿ ಹೇಳಿದರು: "ವೆಬ್‌ಸೈಟಾ? ಸಂತೋಷ. ಪ್ರಿಂಟ್ ತಗೊಂಡು ಬನ್ನಿ."

"ಸಾರ್, ಮೊಬೈಲಿನಲ್ಲೇ ಕಾಣುತ್ತೆ."

"ನಿನ್ನ ಮೊಬೈಲಿನ ಗಾಜಿನ ಮೇಲೆ ನೋಟ್ ಬರೀಲೇನಮ್ಮ? ಪ್ರಿಂಟ್. ಒಂದೇ ಬದಿ. ಎಡಗಡೆ ಅಂಚು ಬಿಟ್ಟು."

ವೆಬ್‌ಸೈಟನ್ನು ಕಾಗದದ ಮೇಲೆ ಇಳಿಸುವುದೆಂದರೆ ಹೊಳೆಯನ್ನು ಬಕೆಟ್ಟಿಗೆ ತುಂಬಿದಂತೆ. 17 ಹಾಳೆ ಬಂತು. ಒಂದು ಹಾಳೆಯಲ್ಲಿ ನಿಲ್ದಾಣದ ಅರ್ಧ ಫೋಟೋ. ಇನ್ನೊಂದರಲ್ಲಿ 'ಮೇಲಕ್ಕೆ ಹೋಗಿ' ಎಂಬ ಗುಂಡಿ ಬಿಟ್ಟರೆ ಬೇರೇನೂ ಇಲ್ಲ. ಜನವರಿಯ ಭಾನುವಾರ ಮಂಜು ಕರಗುವವರೆಗೆ ಕಾದು, ಬ್ಲೂ ಲೈನಿನಲ್ಲಿ ಮಯೂರ್ ವಿಹಾರ್ ಫೇಸ್ ಒಂದಕ್ಕೆ ಬಂದು, ಪಿಂಕ್ ಲೈನಿಗೆ ಬದಲಾಯಿಸಿ, ವಿಶ್ವೇಶ್ವರಯ್ಯನವರ ನಿಲ್ದಾಣದಲ್ಲೇ ಇಳಿದು ಆಟೋ ಹಿಡಿದೆವು. ಸಂಘದ ಕ್ಯಾಂಟೀನಿನಲ್ಲಿ ಬಿಸಿಲು ಬೀಳುವ ಕಡೆಯ ಮೇಜು ರಾಯರದ್ದು. ಮಂಕಿ ಟೋಪಿ, ಅದರ ಮೇಲೆ ಮಫ್ಲರು, ಕೋಟಿನ ಜೇಬಿನಲ್ಲಿ ಹಸಿರು ಪೆನ್ನಿನ ಕ್ಲಿಪ್ಪು.

"ತಾತ, ನಮಸ್ಕಾರ."

"ಅಂಕಲ್ ಅನ್ನು, ಸಾಕು. ಕೂತ್ಕೋ ಮಗು. ಮಸಾಲೆ ದೋಸೆ ಹೇಳಿದ್ದೀನಿ."

ದೋಸೆ ಬರುವ ಮುಂಚೆ ಜೇಬಿನಿಂದ ಟ್ಯಾಗ್ ದಾರ ತೆಗೆದು 17 ಹಾಳೆಯ ಮೂಲೆಗೆ ಪೋಣಿಸಿದರು. ಪುಟಸಂಖ್ಯೆ ಹಾಕಿದರು. ಮೊದಲನೇ ಹಾಳೆಯನ್ನು ಕೈಯಷ್ಟು ದೂರ ಹಿಡಿದು, "ಚೆನ್ನಾಗಿದೆ" ಎಂದರು.

ರಾಯರ 'ಚೆನ್ನಾಗಿದೆ'ಗೂ 'ಆದರೆ'ಗೂ ನಡುವೆ ಒಂದು ನಿಶ್ಶಬ್ದವಿದೆ. ಗೊತ್ತಿದ್ದವರು ಆ ಹೊತ್ತಿನಲ್ಲಿ ಕಾಫಿ ಮುಗಿಸಿಬಿಡುತ್ತಾರೆ. ಮಗಳಿಗೆ ಗೊತ್ತಿರಲಿಲ್ಲ, ಥ್ಯಾಂಕ್ಯೂ ಎಂದಳು.

"ಆದರೆ," ಎಂದು ಶುರುವಾಯಿತು. 'ಹೊಸತೇನು' ವಿಭಾಗ ಎಲ್ಲಿ? ಅದರ ಪಕ್ಕ ಮಿನುಗುವ 'ನ್ಯೂ' ಎಲ್ಲಿ? ಮೇಲೆ ಎಡದಿಂದ ಬಲಕ್ಕೆ ಓಡುವ ಸಾಲು ಎಲ್ಲಿ? ಬಲದಿಂದ ಎಡಕ್ಕೆ ಓಡಿದರೂ ಅಡ್ಡಿಯಿಲ್ಲ, ಓಡಬೇಕು. ಕೊನೆಯ ಬಾರಿ ಪರಿಷ್ಕರಿಸಿದ ದಿನಾಂಕ? ಎಷ್ಟು ಜನ ನೋಡಿದರು ಎಂಬ ಲೆಕ್ಕ? "ಸರ್ಕಾರಿ ವೆಬ್‌ಸೈಟುಗಳಿಗೆ 2009ರಲ್ಲೇ ಮಾರ್ಗಸೂಚಿ ಬಂದಿದೆ ಮಗು. ಕರಡಿಗೆ ನಾನೇ ಕಮೆಂಟ್ಸ್ ಕಳಿಸಿದ್ದೆ."

"ಅವರು ಒಪ್ಪಿಕೊಂಡರಾ ಅಂಕಲ್?"

"ನೋಟ್ ಮಾಡಿಕೊಂಡರು," ಎಂದು ರಾಯರು ಚಟ್ನಿಯ ಕಡೆ ತಿರುಗಿದರು.

ಏಳನೇ ಹಾಳೆಯ ಹೊತ್ತಿಗೆ ಸೈಟಿಗೆ ಸಾರ್ವಜನಿಕ ಮಾಹಿತಿ ಅಧಿಕಾರಿ ಯಾರು ಎಂಬ ಪ್ರಶ್ನೆ ಬಂತು. 2005ರ ಮಾಹಿತಿ ಹಕ್ಕು ಕಾಯ್ದೆ, ನಾಲ್ಕನೇ ಸೆಕ್ಷನ್, ಸ್ವಯಂಪ್ರೇರಿತವಾಗಿ ಮಾಹಿತಿ ಪ್ರಕಟಿಸಬೇಕು. ಇದು ಕಾಲೇಜಿನ ಪ್ರಾಜೆಕ್ಟು, ಇಲ್ಲಿರುವ ಅಧಿಕಾರಿ ನಾನೊಬ್ಬಳೇ ಎಂದು ಮಗಳು ಹೇಳಿದಳು. 'ಅಧಿಕಾರಿ ಒಬ್ಬರೇ, ಸಿಬ್ಬಂದಿ ಕೊರತೆ' ಎಂದು ಹಸಿರಿನಲ್ಲಿ ದಾಖಲಾಯಿತು. 'ಮೇಲಕ್ಕೆ ಹೋಗಿ' ಗುಂಡಿಯ ಎದುರು 'ಯಾರ ಮೂಲಕ?' ಎಂದು ಬರೆದರು. ಒಂಬತ್ತನೇ ಹಾಳೆಯ ಅಂಚಿನಲ್ಲಿ ಎರಡೇ ಪದ: 'ಪ್ಲೀಸ್ ಸ್ಪೀಕ್.' ಬರವಣಿಗೆಯಲ್ಲಿ ಬೇಡ, ಖುದ್ದಾಗಿ ಬಂದು ಮಾತಾಡಿ ಎಂದು ಮೇಲಧಿಕಾರಿಗಳು ಫೈಲಿನಲ್ಲಿ ಬರೆಯುವ ಮಾತದು. ಮಗಳು ಒಂದೂವರೆ ಅಡಿ ದೂರದಲ್ಲಿ ಸಾಂಬಾರಿನಲ್ಲಿ ದೋಸೆ ಅದ್ದುತ್ತಾ ಕೂತಿದ್ದಳು.

ವಿಶ್ವೇಶ್ವರಯ್ಯನವರ ಪುಟಕ್ಕೆ ಬಂದಾಗ ಇಂಗ್ಲಿಷ್ ಕಾಗುಣಿತದ ಮೇಲೆ ಮುಕ್ಕಾಲು ಗಂಟೆ ಹೋಯಿತು. ನಿಲ್ದಾಣದ ಹೆಸರಿನಲ್ಲಿ 'ಡಬ್ಲ್ಯೂ' ಇದೆ, ಸರ್ ಎಂವಿ ತಮ್ಮ ಪುಸ್ತಕಗಳ ಮೇಲೆ ಹಾಕಿಸಿದ್ದು 'ವಿ'. ಸೈಟು ಯಾವುದನ್ನು ಅನುಸರಿಸಬೇಕು? ಎರಡೂ ಕಡೆಯ ವಾದವನ್ನು ರಾಯರೇ ಮಂಡಿಸಿ, ಎರಡನ್ನೂ ತಳ್ಳಿಹಾಕಿ, 'ಕಾನೂನು ಸಚಿವಾಲಯದ ಅಭಿಪ್ರಾಯ ಪಡೆಯಬಹುದು' ಎಂದು ಬರೆದರು. ನಾನು ಮಗಳ ಮುಖ ನೋಡಲಿಲ್ಲ. ವಾಪಸು ಮೆಟ್ರೋದಲ್ಲಿ ಅವಳು ಏನೇನು ಹೇಳಬಹುದು ಎಂದು ಲೆಕ್ಕ ಹಾಕುತ್ತಿದ್ದೆ.

ಆಗ ರಾಯರು ಕನ್ನಡಕ ತೆಗೆದು ಹಣೆಗೇರಿಸಿದರು. ಹಾಳೆಯನ್ನು ಮೂಗಿನ ಹತ್ತಿರ ತಂದರು. ಪೆನ್ನಿನ ತುದಿಯನ್ನು ದೊಡ್ಡ ಶೀರ್ಷಿಕೆಯ ಕೆಳಗೆ, ಕಾಗದಕ್ಕೆ ತಾಗಿಯೂ ತಾಗದ ಹಾಗೆ, ಒಂದೊಂದೇ ಅಕ್ಷರದ ಬುಡದಲ್ಲಿ ನಿಲ್ಲಿಸುತ್ತಾ ಹೋದರು.

"ಸರ್ ಎಂ. ವಿಶೇಶರಯ," ಎಂದು ಓದಿದರು. "ಯಾರಮ್ಮ ಇವರು?"

ನಾನೂ ಬಗ್ಗಿ ನೋಡಿದೆ. ವಿ ಇದೆ, ಶೇ ಇದೆ, ಶ ಇದೆ, ರ ಇದೆ, ಯ ಇದೆ. ಕೆಳಗಿರಬೇಕಾದ ಮೂರು ಒತ್ತು, ಎರಡು ವಕಾರ ಒಂದು ಯಕಾರ, ಚಾಕುವಿನಿಂದ ಕತ್ತರಿಸಿದ ಹಾಗೆ ಮಾಯ. ಮೊದಲನೇ ಹಾಳೆಗೆ ತಿರುಗಿಸಿದೆ. ಸೈಟಿನ ತಲೆಬರಹದಲ್ಲೇ, ಅಂಗೈ ಅಗಲದ ಅಕ್ಷರದಲ್ಲಿ, 'ದೆಹಲಿಯಲಿ ಕನಡ' ಎಂದಿತ್ತು.

ನಾಲ್ಕು ಜನ ನೋಡಿದ್ದರು. ಬರೆದ ನಾನೇ ಹತ್ತು ಸಲ ನೋಡಿದ್ದೆ. ಕನ್ನಡ ಓದಿ ಓದಿ ಪಳಗಿದ ಕಣ್ಣು ಅಕ್ಷರ ನೋಡುವುದಿಲ್ಲ, ಪದದ ಆಕಾರ ನೋಡಿ ಉಳಿದದ್ದನ್ನು ತಾನೇ ತುಂಬಿಕೊಂಡು ಮುಂದೆ ಹೋಗುತ್ತದೆ. ನೋಯ್ಡಾದಲ್ಲಿ ಹುಟ್ಟಿ ಬೆಳೆದ ಮಗಳಿಗೆ ಒತ್ತು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಅವಳು ಇಂಗ್ಲಿಷ್ ಬರಹ ಇಟ್ಟುಕೊಂಡು ವಿನ್ಯಾಸ ಮಾಡಿ, ಸಾಲಿನ ಎತ್ತರ 1.2 ಎಂದು ಕೊಟ್ಟು, ಚೌಕಟ್ಟು ಮೀರಿದ್ದನ್ನು ಮರೆಮಾಡು ಎಂದು ಬರೆದು, ಆಮೇಲೆ ಅದರೊಳಗೆ ಕನ್ನಡ ಸುರಿದಿದ್ದಳು. ಮೀರಿದ್ದು ಒತ್ತಕ್ಷರ. ಮರೆಯಾದದ್ದೂ ಅದೇ.

ರಾಯರು ಈ ಬಾರಿ ಸೆಕ್ಷನ್ ಹೇಳಲಿಲ್ಲ. ಟಿಶ್ಯೂ ಕಾಗದ ಎಳೆದುಕೊಂಡು ನಾಲ್ಕು ಗೀಟು ಹಾಕಿ 'ಅಮ್ಮ' ಎಂದು ನಿಧಾನವಾಗಿ ಬರೆದರು. ಶಾಯಿ ಹರಡಿಕೊಂಡಿತು, ಆದರೂ ಅಕ್ಷರ ದುಂಡಗಿತ್ತು. "ನೋಡು ಮಗು, ಇಂಗ್ಲಿಷ್ ಅಕ್ಷರ ಫ್ಲಾಟಿನಲ್ಲಿ ಇರುತ್ತೆ. ನಮ್ಮದಕ್ಕೆ ಮೇಲೆ ಅಟ್ಟ ಬೇಕು, ಗುಡಿಸಿಗೆ. ಕೆಳಗೆ ನೆಲಮಾಳಿಗೆ ಬೇಕು, ಒತ್ತಿಗೆ. ನೀನು ನೆಲಮಾಳಿಗೇನೇ ಮುಚ್ಚಿಬಿಟ್ಟಿದ್ದೀಯ. ಈಗ ಅಮ್ಮ ಹೋಗಿ ಅಮ ಆದಳು." ಹಾಸನದ ಹತ್ತಿರದ ಹಳ್ಳಿಯಲ್ಲಿ ಒತ್ತಿಗೆ ಜಾಗ ಬಿಡದೆ ಬರೆದರೆ ಮೇಷ್ಟರು ಸ್ಲೇಟನ್ನು ಅಂಗಿಯ ತೋಳಿನಿಂದ ಒರೆಸಿಬಿಡುತ್ತಿದ್ದರಂತೆ. ಅದನ್ನು ಹೇಳುವಾಗ ರಾಯರ ಕೈಯಲ್ಲಿ ಹಸಿರು ಪೆನ್ನು ಇದೆ ಎನ್ನುವುದು ಅವರಿಗೇ ಮರೆತಿತ್ತು.

ಮಗಳು ದೋಸೆ ಬಿಟ್ಟು ಟಿಶ್ಯೂ ಕಾಗದದ ಫೋಟೋ ತೆಗೆದುಕೊಂಡಳು.

ಇನ್ನೊಂದು ಮಾತೂ ನೆಟ್ಟಗೆ ಬಂತು. ಫೋಟೋಗಳ ಕೆಳಗಿನ ವಿವರಣೆ ತೆಳು ಬೂದು ಬಣ್ಣದಲ್ಲಿತ್ತು. "ಇಂಕು ಉಳಿಸೋಕಾ?" ಎಂದು ಕೇಳಿದರು. ಅದೇ ಈಗಿನ ಸ್ಟೈಲ್ ಅಂಕಲ್ ಎಂದಳು. "ಕಣ್ಣಿನ ಪೊರೆ ತೆಗೆಸಿಕೊಂಡವರಿಗೆ ಈ ಸ್ಟೈಲು ಕಾಣಲ್ಲ." ಮನೆಗೆ ಬಂದು ಅವಳು ಅಳೆದು ನೋಡಿದಳು. ಬಿಳಿಯ ಮೇಲೆ ಆ ಬೂದಿನ ವ್ಯತ್ಯಾಸ 2.85 ಪಟ್ಟು ಬಂತು. ವೆಬ್ಬಿನ ಅಂತರರಾಷ್ಟ್ರೀಯ ಮಾನದಂಡ ಮಾಮೂಲು ಗಾತ್ರದ ಅಕ್ಷರಕ್ಕೆ ಕೇಳುವುದು ಕನಿಷ್ಠ 4.5. ಮಾನದಂಡ ಬರೆದವರು ರಾಯರ ಹಾಗೆ ಇಂಕಿನ ಮಾತು ಆಡಿಲ್ಲ, ಅಷ್ಟೇ ವ್ಯತ್ಯಾಸ.

ಒಟ್ಟು 43 ಟಿಪ್ಪಣಿ. ಮಗಳು ಎರಡನ್ನು ಒಪ್ಪಿದಳು. ಸಾಲಿನ ಎತ್ತರ 1.8 ಆಯಿತು, ಚೌಕಟ್ಟು ಸಡಿಲವಾಯಿತು, ಬೂದು ಕಪ್ಪಾಯಿತು, ವಿಶ್ವೇಶ್ವರಯ್ಯನವರಿಗೆ ಮೂರೂ ಒತ್ತು ವಾಪಸು ಬಂದವು. ವರದಿಯ ಐದು ಹಾಳೆಯಲ್ಲಿ ನಾಲ್ಕೂಮುಕ್ಕಾಲು ಹಾಳೆ ರಾಯರದ್ದೇ. ಉಳಿದ ನಾಲ್ಕು ಜನರದ್ದು, ಹಲ್ವಾ ಸೇರಿ, ಒಂದೇ ಪ್ಯಾರಾ. ಪಾಠ ಹೇಳಿದವರು ಅದರ ಮೇಲೆ ನೀಲಿ ಶಾಯಿಯಲ್ಲಿ 'ಗುಡ್' ಎಂದು ಬರೆದು ಹತ್ತಕ್ಕೆ ಒಂಬತ್ತು ಕೊಟ್ಟರು. ಆ ಒಂದು ಮಾರ್ಕು ಯಾಕೆ ಹೋಯಿತು ಎಂದು ಬರೆದಿಲ್ಲ. ರಾಯರಾಗಿದ್ದರೆ ಬರೆಯುತ್ತಿದ್ದರು, ಅಂಚು ಸಾಲದೆ ಹಿಂಬದಿಗೂ.

ಸಿಹಿಸುದ್ದಿ ಹೇಳಲು ಫೋನು ಮಾಡಿದಾಗ, "ಸಂತೋಷ. ಉಳಿದ 41ರ ಮೇಲೆ ಏನು ಕ್ರಮ ಆಯ್ತು?" ಎಂದು ಕೇಳಿದರು. ಪರಿಶೀಲನೆಯಲ್ಲಿದೆ ಎಂದು ಮಗಳೇ ಉತ್ತರ ಕೊಟ್ಟಳು. ಎರಡು ಗಂಟೆ ಅವರೆದುರು ಕೂತದ್ದಕ್ಕೆ ಅಷ್ಟಾದರೂ ಕಲಿತಿದ್ದಾಳೆ.

ನಿಮ್ಮ ಮಕ್ಕಳೂ ಏನಾದರೂ ಮಾಡಿಟ್ಟಿದ್ದರೆ, ಮನೆಯವರೆಲ್ಲ ಸೂಪರ್ ಎಂದಿದ್ದರೆ, ಒಂದು ಭಾನುವಾರ ಕರೆದುಕೊಂಡು ಬನ್ನಿ. ಬಿಸಿಲಿನ ಕಡೆಯ ಮೇಜು. ದೋಸೆಯ ದುಡ್ಡು ಅವರೇ ಕೊಡುತ್ತಾರೆ, ನೀವು ಜೇಬಿಗೆ ಕೈ ಹಾಕಬೇಡಿ. ಪ್ರಿಂಟ್ ಮರೆಯಬೇಡಿ. ಒಂದೇ ಬದಿ, ಎಡಗಡೆ ಅಂಚು ಬಿಟ್ಟು.