ಅತ್ತೆಯೇ ಗೈಡು

ನಮ್ಮಕ್ಕನ ಮಗಳು ಹಲಸೂರಿನ ನಮ್ಮ ಮನೆಯಲ್ಲಿದ್ದುಕೊಂಡು ಚಿತ್ರಕಲಾ ಪರಿಷತ್ತಿನಲ್ಲಿ ಎಂವಿಎ ಓದುತ್ತಿದ್ದಾಳೆ. ವಿಷಯ ಕಲಾ ಇತಿಹಾಸ. ಇಷ್ಟು ಹೇಳಿದರೆ ಸಾಕು, ನೆಂಟರು "ನಮ್ಮ ಮಗೂದೊಂದು ಚಿತ್ರ ಬರೆದುಕೊಡ್ತಾಳಾ?" ಅನ್ನುತ್ತಾರೆ. ಅವಳು ಚಿತ್ರ ಬರೆಯುವುದಿಲ್ಲ, ಚಿತ್ರ ಬರೆದವರ ಬಗ್ಗೆ ಬರೆಯುತ್ತಾಳೆ ಎಂದರೆ ಮುಖ ಸಪ್ಪಗಾಗುತ್ತದೆ. ಎರಡನೆಯ ಪ್ರಶ್ನೆ ಗೊತ್ತಿದ್ದದ್ದೇ: "ಆಮೇಲೆ ಕೆಲಸ?"

ಅದಕ್ಕವಳು ನನಗೊಂದು ಉತ್ತರ ಬಾಯಿಪಾಠ ಮಾಡಿಸಿದ್ದಾಳೆ. ಭಾರತದ ವಾಸ್ತುಶಿಲ್ಪದ ಚರಿತ್ರೆಯನ್ನು 1876ರಲ್ಲಿ ಅಚ್ಚು ಹಾಕಿಸಿದ ಫರ್ಗ್ಯುಸನ್ ಬಂಗಾಳದಲ್ಲಿ ನೀಲಿ ಬೆಳೆಯಿಂದ ದುಡ್ಡು ಮಾಡಿದವನು. ಆನಂದ ಕುಮಾರಸ್ವಾಮಿ ಸಿಂಹಳದಲ್ಲಿ ಖನಿಜ ಹುಡುಕಿಸುತ್ತಿದ್ದ ಭೂವಿಜ್ಞಾನಿ. 1917ರಲ್ಲಿ ಬಾಸ್ಟನ್ನಿನ ಮ್ಯೂಸಿಯಂ ಸೇರಿದರು. ಕೈತುಂಬ ಕೆಲಸವಿದ್ದವರೇ ಅದನ್ನು ಬಿಟ್ಟು ಬಂದ ವಿದ್ಯೆ ಇದು! ಇದರಿಂದ ಸಮಾಧಾನಗೊಂಡ ನೆಂಟರನ್ನು ನಾನಿನ್ನೂ ಕಂಡಿಲ್ಲ.

ಇಂಥವಳ ಜೊತೆ ಹೊರಗೆ ಹೋಗುವುದು ಕಷ್ಟ. ಇಂದಿರಾನಗರಕ್ಕೆ ದೋಸೆ ತಿನ್ನಲು ಹೊರಟರೆ ದೊಮ್ಮಲೂರಿನ ಚೊಕ್ಕನಾಥನ ಗುಡಿಯಲ್ಲಿ ತಮಿಳು ಶಾಸನ ನೋಡುತ್ತ ನಿಂತಿರುತ್ತೇವೆ. ಮ್ಯೂಸಿಯಂ ರೋಡು ದಾಟುವಾಗ, 1865ರಲ್ಲಿ ಸರ್ಕಾರಿ ಮ್ಯೂಸಿಯಂ ಶುರುವಾದದ್ದು ಈ ದಂಡಿನ ಕಡೆಯೇ, ಆಮೇಲೆ ಅದು ಕಸ್ತೂರಬಾ ರಸ್ತೆಗೆ ಹೋಯಿತು ಅನ್ನುತ್ತಾಳೆ. ಮನೆ ಬದಲಾಯಿಸಿದವರು ಬೋರ್ಡು ಮರೆತು ಹೋದರು, ಅಷ್ಟೆ. ಹಲಸೂರು ಸೋಮೇಶ್ವರನ ಸನ್ನಿಧಿಯಲ್ಲಂತೂ ದೇವರಿಗೆ ಬೆನ್ನು, ಕಲ್ಲಿಗೆ ಮುಖ. ರಾವಣ ಕೈಲಾಸ ಎತ್ತುವುದನ್ನು ನೋಡುತ್ತ ನಿಂತರೆ ಮಂಗಳಾರತಿ ಬಂದು ಹೋದದ್ದೂ ತಿಳಿಯದು. "ಮೊದಲು ಕೈ ಮುಗಿಯೇ, ಆಮೇಲೆ ಇತಿಹಾಸ" ಎಂದು ನನ್ನ ಹೆಂಡತಿ ಗದರುತ್ತಾಳೆ.

ಎರಡು ಸ್ಲೈಡುಗಳನ್ನು ಅಕ್ಕಪಕ್ಕ ತೋರಿಸಿ ಹೋಲಿಸುವುದು ಈ ವಿದ್ಯೆಯ ಹಳೆಯ ಚಾಳಿ. ಸ್ವಿಟ್ಜರ್ಲೆಂಡಿನ ವೋಲ್ಫ್ಲಿನ್ ಇದಕ್ಕೆ ಹೆಸರಾದವನು. ಮಧ್ಯಾಹ್ನದ ಊಟವಾದ ಮೇಲೆ, ಕತ್ತಲೆ ಕೋಣೆಯಲ್ಲಿ. ನಿದ್ದೆ ಬಾರದವರಿಗೆ ಮಾತ್ರ ಕಲೆ ಒಲಿಯುತ್ತದೆಂದು ಕಾಣುತ್ತದೆ. ನಮ್ಮ ಹುಡುಗಿಗೆ ಈ ಚಾಳಿ ಅಂಟಿ, ಸೋಮೇಶ್ವರನ ಗೋಪುರ ನೋಡಿದ ಮರುದಿನ ನಮ್ಮಿಬ್ಬರನ್ನೂ ಶಿವಾಜಿನಗರದ ಸೇಂಟ್ ಮೇರಿ ಬೆಸಿಲಿಕಾಕ್ಕೆ ಎಳೆದುಕೊಂಡು ಹೋದಳು. 1882ರ ಕಟ್ಟಡ, ಚೂಪು ಕಮಾನುಗಳ ಗಾಥಿಕ್ ಶೈಲಿ, 1974ರಲ್ಲಿ ಬೆಸಿಲಿಕಾ ಪದವಿ ಎಂದು ಒಪ್ಪಿಸುತ್ತ ಬಂದವಳು ಸೀರೆ ಉಟ್ಟ ಮೇರಿಯಮ್ಮನ ಎದುರು ತಡೆದಳು. "ಗಾಥಿಕ್ ಚರ್ಚಿನೊಳಗೆ ರೇಷ್ಮೆ ಸೀರೆ. ಇದನ್ನು ಯಾವ ಶೈಲಿಗೆ ಸೇರಿಸಲಿ, ಮಾವ?"

ನಾನು ಗಡ್ಡ ಕೆರೆದುಕೊಂಡೆ. ಹೆಂಡತಿ ಮಾತ್ರ ಮುಂದೆ ಬಾಗಿ ಕಣ್ಣು ಕಿರಿದು ಮಾಡಿ, "ಅಂಚು ನೋಡು, ಕಂಚಿಯದು. ಹರಕೆ ಸೀರೆ ಇರಬೇಕು. ಉಡಿಸಿದವರಿಗೆ ಅಭ್ಯಾಸವಿದೆ, ನೆರಿಗೆ ಒಂದೂ ಜಾರಿಲ್ಲ. ಸೋಮೇಶ್ವರನ ಗುಡಿಯ ಗಿರಿಜಾ ಕಲ್ಯಾಣದಲ್ಲಿ ಗಿರಿಜೆಯ ನೆರಿಗೆ ಹೇಗಿದೆ ಅಂತ ನೋಡಿದ್ದೀಯಾ?" ಎಂದಳು.

ಹುಡುಗಿ ನೋಡಿರಲಿಲ್ಲ. ಚೀಲದಿಂದ ನೋಟ್‌ಬುಕ್ ತೆಗೆದು ಅಲ್ಲೇ ಗೀಚತೊಡಗಿದಳು.

"ಬರಕೋ, ಬರಕೋ. ಗೈಡು ಅನ್ನುವ ಕಡೆ ನನ್ನ ಹೆಸರು ಹಾಕೋದು ಮಾತ್ರ ಮರೀಬೇಡ" ಎಂದಳು ಅತ್ತೆ.