ಹನಿ ರಕ್ತಕ್ಕೆ ಘನ ಉಪಸ್ಥಿತಿ

ಆಮಂತ್ರಣ ಪತ್ರಿಕೆ ಓದುವುದು ನನಗೆ ಚಿಕ್ಕಂದಿನಿಂದ ಬಂದ ಹವ್ಯಾಸ. ದಿವ್ಯ ಸಾನ್ನಿಧ್ಯ ಯಾರದು, ಅಧ್ಯಕ್ಷತೆ ಯಾರದು, ಘನ ಉಪಸ್ಥಿತಿಯಲ್ಲಿ ಎಷ್ಟು ಮಂದಿ ಮಾಜಿ ಸಚಿವರು ಎಂದು ನೋಡಿಬಿಟ್ಟರೆ ಕಾರ್ಯಕ್ರಮದ ತೂಕ ಗೊತ್ತಾಗುತ್ತದೆ. ಕಾರ್ಯಕ್ರಮ ಯಾವುದು ಎಂಬುದು ಕೆಳಗೆ ಸಣ್ಣ ಅಕ್ಷರದಲ್ಲಿ ಇರುತ್ತದೆ. ಅಚ್ಚಾಗದೆ ಹೋದರೂ ಕೇಳುವವರಿಲ್ಲ. ಈ ಕಲೆಯಲ್ಲಿ ನಮ್ಮನ್ನು ಮೀರಿಸುವವರಿಲ್ಲ ಎಂದುಕೊಂಡಿದ್ದೆ. ಅಮೆರಿಕದ ಕ್ಯಾಲಿಫೋರ್ನಿಯಾದ ಥೆರಾನೋಸ್ ಎಂಬ ಕಂಪನಿಯ ನಿರ್ದೇಶಕರ ಪಟ್ಟಿ ನೋಡಿದ ಮೇಲೆ ಆ ಜಂಬ ಇಳಿಯಿತು.

ಕಂಪನಿಯ ಕೆಲಸ ರಕ್ತ ಪರೀಕ್ಷೆ. ಬೆರಳ ತುದಿಗೆ ಒಂದು ಚುಚ್ಚು, ಒಂದೆರಡು ಹನಿ ರಕ್ತ, ಬೆರಳಿನ ಗೆಣ್ಣಿನಷ್ಟು ಪುಟ್ಟ ಕೊಳವೆ, ಅದರಿಂದಲೇ 200ಕ್ಕೂ ಹೆಚ್ಚು ಪರೀಕ್ಷೆ. ಇದು ಅವರು ಕೊಟ್ಟ ಮಾತು. ನಮ್ಮ ಬೀದಿಯ ಲ್ಯಾಬಿಗೆ ಹೋದರೆ ಅಲ್ಲಿಯ ಹುಡುಗಿ ತೋಳಿಗೆ ರಬ್ಬರ್ ಪಟ್ಟಿ ಬಿಗಿದು, “ಮುಷ್ಟಿ ಹಿಡೀರಿ ಸಾರ್, ಆ ಕಡೆ ನೋಡಿ” ಎಂದು ಮೂರು ಕೊಳವೆ ತುಂಬಿಸುತ್ತಾಳೆ. ಒಂದಕ್ಕೆ ನೇರಳೆ ಮುಚ್ಚಳ, ಒಂದಕ್ಕೆ ಕೆಂಪು, ಒಂದಕ್ಕೆ ಬೂದಿ ಬಣ್ಣದ್ದು. “ಇಷ್ಟೊಂದು ಯಾಕಮ್ಮ? ಬೆರಳಿಗೆ ಚುಚ್ಚಿದರೆ ಸಾಲದೇ?” ಎಂದು ಒಮ್ಮೆ ಕೇಳಿದೆ. “ಸಕ್ಕರೆ ನೋಡೋದಕ್ಕಾದರೆ ಸಾಕು ಸಾರ್. ಎಲ್ಲಾದಕ್ಕೂ ಬೆರಳು ಹಿಂಡಿದರೆ ರಕ್ತಕಣ ಒಡೆದು ಪೊಟ್ಯಾಸಿಯಂ ಸುಳ್ಳು ಬರುತ್ತೆ” ಎಂದಳು. ಇಷ್ಟು ತಿಳಿದವಳನ್ನು ಥೆರಾನೋಸ್ ಮಂಡಳಿ ಹತ್ತಿರಕ್ಕೂ ಬಿಟ್ಟುಕೊಳ್ಳುತ್ತಿರಲಿಲ್ಲ. ಅದರ ಘನತೆ ಇದ್ದದ್ದೇ ಅಲ್ಲಿ.

2013–14ರ ಹೊತ್ತಿಗೆ ಆ ಮಂಡಳಿ ಹೀಗಿತ್ತು. ದಿವ್ಯ ಸಾನ್ನಿಧ್ಯ ಜಾರ್ಜ್ ಶುಲ್ಟ್ಸ್ ಅವರದು. ಕಾರ್ಮಿಕ ಖಾತೆ, ಬಜೆಟ್ ಕಚೇರಿ, ಹಣಕಾಸು, ವಿದೇಶಾಂಗ ಹೀಗೆ ನಾಲ್ಕು ಸಂಪುಟ ಸ್ಥಾನ ಕಂಡವರು, ವಯಸ್ಸು ತೊಂಬತ್ತು ದಾಟಿದವರು. ಹೆನ್ರಿ ಕಿಸಿಂಜರ್ ಅವರನ್ನು ನಮ್ಮ ಹಿರಿಯ ಓದುಗರಿಗೆ ಪರಿಚಯಿಸಬೇಕಿಲ್ಲ. 1971ರಲ್ಲಿ ಬಂಗಾಳ ಕೊಲ್ಲಿಗೆ ಹಡಗು ಕಳಿಸಿದ ಸರ್ಕಾರದ ಮಿದುಳು. ರಕ್ತದ ವಿಚಾರ ಇವರಿಗೆ ಹೊಸದು ಎಂದು ಕಾಂಬೋಡಿಯಾದ ಜನ ಹೇಳಲಾರರು. ಇವರ ಅನುಭವ ಹನಿ ಲೆಕ್ಕದ್ದಲ್ಲ, ಅಷ್ಟೆ. ಮಾಜಿ ರಕ್ಷಣಾ ಸಚಿವ ವಿಲಿಯಂ ಪೆರಿ ಗಣಿತದಲ್ಲಿ ಡಾಕ್ಟರೇಟ್ ಪಡೆದವರು. ಸ್ಯಾಮ್ ನನ್ ಸೆನೆಟ್ಟಿನ ಸಶಸ್ತ್ರ ಪಡೆಗಳ ಸಮಿತಿಗೆ ಅಧ್ಯಕ್ಷರಾಗಿದ್ದವರು. ನೌಕಾಪಡೆಯ ಮಾಜಿ ಮುಖ್ಯಸ್ಥ ಗ್ಯಾರಿ ರಫ್‌ಹೆಡ್ ಇದ್ದರು. ಮರೀನ್ ಪಡೆಯ ಜನರಲ್ ಜೇಮ್ಸ್ ಮ್ಯಾಟಿಸ್ ಇದ್ದರು. ಅವರನ್ನು ಪತ್ರಿಕೆಗಳು ‘ಹುಚ್ಚು ನಾಯಿ’ ಎಂಬ ಅಡ್ಡಹೆಸರಿನಿಂದ ಕರೆಯುತ್ತಿದ್ದವು, ಹಾಗಾಗಿ ವೈದ್ಯಕೀಯದ ನಂಟು ಪೂರ್ತಿ ಇಲ್ಲವೆನ್ನುವ ಹಾಗಿಲ್ಲ. ವೆಲ್ಸ್ ಫಾರ್ಗೊ ಬ್ಯಾಂಕನ್ನು ನಡೆಸಿದ್ದ ರಿಚರ್ಡ್ ಕೊವಾಸೆವಿಚ್ ಇದ್ದರು. ಅಣೆಕಟ್ಟು, ವಿಮಾನ ನಿಲ್ದಾಣ ಕಟ್ಟುವ ಮನೆತನದ ರೈಲಿ ಬೆಕ್ಟೆಲ್ ಇದ್ದರು.

ಇವರಲ್ಲಿ ಶುಲ್ಟ್ಸ್, ಕಿಸಿಂಜರ್, ಪೆರಿ, ನನ್ ನಾಲ್ವರೂ ಸೇರಿ 2007ರ ಜನವರಿಯಲ್ಲಿ ‘ವಾಲ್ ಸ್ಟ್ರೀಟ್ ಜರ್ನಲ್’ ಪತ್ರಿಕೆಯಲ್ಲಿ ಅಣ್ವಸ್ತ್ರಗಳಿಲ್ಲದ ಜಗತ್ತು ಬೇಕೆಂದು ಲೇಖನ ಬರೆದಿದ್ದರು. ಬಾಂಬು ಎಷ್ಟಿದೆ, ಎಲ್ಲಿದೆ, ಯಾರು ಬಂದು ಎಣಿಸಬೇಕು ಎಂಬ ಪ್ರಶ್ನೆಗಳಲ್ಲಿ ಆಯಸ್ಸು ಸವೆಸಿದವರು ಇವರು. ತಮ್ಮದೇ ಕಂಪನಿಯಲ್ಲಿ ಯಂತ್ರ ಎಷ್ಟಿದೆ, ಅದು ಎಷ್ಟು ಪರೀಕ್ಷೆ ಮಾಡುತ್ತದೆ ಎಂದು ಎಣಿಸಹೋಗದೆ ಇದ್ದದ್ದು ಇವರ ದೊಡ್ಡತನ. ಎಣಿಸಿದ್ದರೆ ಸುಮ್ಮನೆ ಬೇಸರವಾಗುತ್ತಿತ್ತು: ಎಡಿಸನ್ ಎಂಬ ಆ ಯಂತ್ರ ಮಾಡುತ್ತಿದ್ದದ್ದು ಹನ್ನೆರಡು ಬಗೆಯ ಪರೀಕ್ಷೆ. ಉಳಿದವನ್ನು ಜರ್ಮನಿಯ ಸೀಮೆನ್ಸ್ ಮತ್ತಿತರ ಕಂಪನಿಗಳ ಯಂತ್ರಗಳೇ ಮಾಡಿಕೊಡುತ್ತಿದ್ದವು. ಆ ಯಂತ್ರಗಳಿಗೆ ಹನಿ ರಕ್ತ ಸಾಲದು. ಆದ್ದರಿಂದ ರಕ್ತವನ್ನು ತೆಳ್ಳಗೆ ಮಾಡಿ ಹಾಕುತ್ತಿದ್ದರು. ಎಮ್ಮೆ ಕಟ್ಟಿದ ನಮ್ಮ ಊರಿನವರಿಗೆ ಈ ತಂತ್ರಜ್ಞಾನ ತಲೆಮಾರುಗಳಿಂದ ಗೊತ್ತು. ಪೇಟೆಂಟ್ ಮಾಡಿಸಲಿಲ್ಲ, ಅದು ನಮ್ಮ ತಪ್ಪು.

ನಿಜ ಹೇಳಬೇಕೆಂದರೆ ಪಟ್ಟಿಯಲ್ಲಿ ಎರಡು ಕಲ್ಲುಗಳಿದ್ದವು. ಬಿಲ್ ಫ್ರಿಸ್ಟ್ ಹೃದಯದ ಶಸ್ತ್ರವೈದ್ಯರು. ವಿಲಿಯಂ ಫೇಗಿಯವರು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆಯ ಮುಖ್ಯಸ್ಥರಾಗಿದ್ದವರು. ಎಪ್ಪತ್ತರ ದಶಕದಲ್ಲಿ ನಮ್ಮ ಬಿಹಾರಕ್ಕೆ ಬಂದು ಸಿಡುಬು ಓಡಿಸಲು ದುಡಿದವರು. ಸಿಡುಬಿನ ಕಲೆ ಹೊತ್ತು ಬದುಕಿದ ಅಜ್ಜಿಯಂದಿರ ಮೊಮ್ಮಕ್ಕಳಾದ ನಾವು ಅವರಿಗೆ ಕೈ ಮುಗಿಯಬೇಕು. ಆದರೂ ಮಂಡಳಿಯ ಶುದ್ಧಿಗೆ ಧಕ್ಕೆಯಾಗಲಿಲ್ಲ. ಫ್ರಿಸ್ಟ್ ಆ ವೇಳೆಗೆ ಸೆನೆಟ್ಟಿನಲ್ಲಿ ಬಹುಮತ ಪಕ್ಷದ ನಾಯಕರಾಗಿದ್ದು ಪಳಗಿದ್ದರು. ಫೇಗಿಯವರು ಸಾಂಕ್ರಾಮಿಕ ರೋಗದ ತಜ್ಞರು, ಲ್ಯಾಬಿನ ಯಂತ್ರದವರಲ್ಲ. ಲ್ಯಾಬಿನೊಳಗೆ ನಿಂತು ರಕ್ತ ಪರೀಕ್ಷೆಯ ಕಸುಬು ಮಾಡಿದವರು, ‘ಈ ಅಂಕಿ ಸರಿಯೇ?’ ಎಂದು ಗದರಬಲ್ಲವರು ಒಬ್ಬರೂ ಒಳಗೆ ನುಸುಳದಂತೆ ನೋಡಿಕೊಂಡದ್ದು ಸಣ್ಣ ಸಾಧನೆಯಲ್ಲ.

ಹಿಂದೆ ಒಮ್ಮೆ ಎಡವಟ್ಟಾಗಿತ್ತು. ಆ್ಯಪಲ್ ಕಂಪನಿಯಲ್ಲಿ ಸಾಫ್ಟ್‌ವೇರ್ ವಿಭಾಗವನ್ನು ನಡೆಸಿದ್ದ ಏವಿ ಟೆವೇನಿಯನ್ ಎಂಬವರು ಮಂಡಳಿಗೆ ಬಂದು, ಪ್ರತಿ ಸಭೆಯಲ್ಲೂ ಕಾಗದ ಪತ್ರ ಕೇಳುವ ಕೆಟ್ಟ ಚಾಳಿ ಬೆಳೆಸಿಕೊಂಡರು. 2007ರಲ್ಲಿ ಅವರು ಹೊರನಡೆಯಬೇಕಾಯಿತು. ಇನ್ನೂ ಮೊದಲು, ಸ್ಟ್ಯಾನ್‌ಫರ್ಡ್‌ನ ವೈದ್ಯಕೀಯ ಪ್ರಾಧ್ಯಾಪಕಿ ಫಿಲಿಸ್ ಗಾರ್ಡ್ನರ್ ಅವರು ಸಂಸ್ಥಾಪಕಿಯ ಮೊದಮೊದಲ ಯೋಜನೆ ಕೇಳಿ ‘ಇದು ಆಗದ ಕೆಲಸ’ ಎಂದಿದ್ದರು. ವಿಷಯ ಗೊತ್ತಿರುವವರು ಹೀಗೆಯೇ, ಶುಭ ಸಮಾರಂಭದಲ್ಲಿ ಸೀನುತ್ತಾರೆ. ಮಾಜಿ ವಿದೇಶಾಂಗ ಸಚಿವರಲ್ಲಿ ಈ ದೋಷ ಇಲ್ಲ. ಅವರಿಗೆ ಸಭೆಯಲ್ಲಿ ಎಷ್ಟು ಹೊತ್ತು ಬೇಕಾದರೂ ಗಂಭೀರವಾಗಿ ಕೂರಲು ಬರುತ್ತದೆ.

ಇನ್ನು ಆಡಳಿತದ ಹೊಣೆ ಹೊತ್ತವರ ಹಿನ್ನೆಲೆ. ಸಂಸ್ಥಾಪಕಿ ಎಲಿಜಬೆತ್ ಹೋಮ್ಸ್ 2003ರಲ್ಲಿ, ಹತ್ತೊಂಬತ್ತನೇ ವಯಸ್ಸಿನಲ್ಲಿ, ಕಂಪನಿ ಹುಟ್ಟುಹಾಕಿ ಸ್ಟ್ಯಾನ್‌ಫರ್ಡ್‌ನಲ್ಲಿ ಓದುತ್ತಿದ್ದ ಕೆಮಿಕಲ್ ಎಂಜಿನಿಯರಿಂಗ್ ಬಿಟ್ಟವರು. ತಂದೆ ಕೆಲಕಾಲ ಎನ್ರಾನ್ ಕಂಪನಿಯಲ್ಲಿ ಉಪಾಧ್ಯಕ್ಷರಾಗಿದ್ದರು. ಆ ಕಂಪನಿಯ ಲೆಕ್ಕ ಬರೆಯುವ ಶೈಲಿ ಪ್ರಪಂಚಕ್ಕೇ ಗೊತ್ತು. ಪೂರ್ವಜರು ಫ್ಲೈಷ್‌ಮನ್ ಯೀಸ್ಟ್ ಕಂಪನಿ ಕಟ್ಟಿದವರು. ಕೆಲವರು ಈ ಮನೆತನಕ್ಕೂ ಜೈವಿಕ ತಂತ್ರಜ್ಞಾನಕ್ಕೂ ಏನು ಸಂಬಂಧ ಎಂದು ಮೂಗು ಮುರಿಯುತ್ತಾರೆ. ಯೀಸ್ಟ್‌ಗಿಂತ ಹಳೆಯ ಜೈವಿಕ ತಂತ್ರಜ್ಞಾನ ಯಾವುದಿದೆ? ಒಂದು ಚಿಟಿಕೆ ಹಾಕಿ, ಬೆಚ್ಚಗಿನ ಜಾಗದಲ್ಲಿಟ್ಟು, ಮುಚ್ಚಳ ತೆಗೆಯದೆ ಬಿಟ್ಟರೆ ಹಿಟ್ಟು ತಾನಾಗಿ ಉಬ್ಬುತ್ತದೆ. 2014ರ ಹೊತ್ತಿಗೆ ಕಂಪನಿ 900 ಕೋಟಿ ಡಾಲರ್‌ವರೆಗೆ ಉಬ್ಬಿತ್ತು, ಆಗಿನ ಲೆಕ್ಕದಲ್ಲಿ ಐವತ್ತು ಸಾವಿರ ಕೋಟಿ ರೂಪಾಯಿಗೂ ಮಿಕ್ಕಿ. ಮುಚ್ಚಳ ಯಾರೂ ತೆಗೆದಿರಲಿಲ್ಲ.

ಎರಡನೇ ಸ್ಥಾನದಲ್ಲಿದ್ದ ಸನ್ನಿ ಬಲ್ವಾನಿ ಸಾಫ್ಟ್‌ವೇರ್‌ನವರು. ಲೋಟಸ್, ಮೈಕ್ರೋಸಾಫ್ಟ್‌ಗಳಲ್ಲಿ ದುಡಿದು, ಡಾಟ್‌ಕಾಂ ಸುಗ್ಗಿಯಲ್ಲಿ ಚೆನ್ನಾಗಿ ಕಾಸು ಮಾಡಿಕೊಂಡು, 2009ರಲ್ಲಿ ಇಲ್ಲಿಗೆ ಬಂದವರು. ಇವರು ಮತ್ತು ಸಂಸ್ಥಾಪಕಿ ಒಂದೇ ಮನೆಯಲ್ಲಿದ್ದರು. ಹೂಡಿಕೆದಾರರಿಗೆ ಹೇಳಿ ತಲೆಬಿಸಿ ಮಾಡಿರಲಿಲ್ಲ. 2014ರ ಕೊನೆಗೆ ಲ್ಯಾಬಿಗೆ ನಿರ್ದೇಶಕರು ಬೇಕಾದಾಗ ಬಲ್ವಾನಿಯವರ ಚರ್ಮರೋಗದ ಡಾಕ್ಟರೇ ಒಪ್ಪಿಕೊಂಡರು. ಲ್ಯಾಬಿಗೆ ತಾವು ಹೋದದ್ದು ಎರಡು ಸಲ ಎಂದು ಅವರೇ ಕೋರ್ಟಿನಲ್ಲಿ ಹೇಳಿದ್ದಾರೆ. ಚರ್ಮ ದಾಟದೆ ರಕ್ತಕ್ಕೆ ದಾರಿಯಿಲ್ಲವಾದ್ದರಿಂದ ಈ ನೇಮಕದಲ್ಲಿ ನನಗೆ ಯಾವ ಅಸಂಗತವೂ ಕಾಣುವುದಿಲ್ಲ.

ಇಷ್ಟು ದೊಡ್ಡವರು ಸೇರಿದರೆ ಜಗಳವಾಗಬಹುದಲ್ಲ ಎಂಬ ಭಯ ಸಹಜ. ಅದಕ್ಕೂ ವ್ಯವಸ್ಥೆ ಇತ್ತು. ಶೇಕಡಾ 99ಕ್ಕೂ ಹೆಚ್ಚು ಮತ ಹೋಮ್ಸ್ ಒಬ್ಬರದೇ. ನಮ್ಮ ಸಹಕಾರ ಸಂಘದ ಚುನಾವಣೆಗಳಲ್ಲಿ ಆಗುವ ರಗಳೆ, ಕುರ್ಚಿ ಎಸೆತ ಯಾವುದೂ ಅಲ್ಲಿ ಕಾಣಲಿಲ್ಲ. ದೊಡ್ಡ ದೊಡ್ಡ ಯುದ್ಧಗಳ ಬಗ್ಗೆ ತೀರ್ಮಾನ ಕೊಟ್ಟವರು ಇಲ್ಲಿ ತೀರ್ಮಾನದ ಭಾರವಿಲ್ಲದೆ ಕೂತು ಎದ್ದು ಬರುತ್ತಿದ್ದರು. ವಯಸ್ಸಾದವರಿಗೆ ಇಂಥ ಜಾಗ ಸಿಗುವುದು ಕಷ್ಟ.

ಆದರೆ ಅವರು ಸುಮ್ಮನಿದ್ದರು ಎಂದರೆ ತಪ್ಪಾದೀತು. ಅವರ ಕೆಲಸ ಹೆಸರು ಹೇಳಿಸಿಕೊಳ್ಳುವುದು. ‘ಶುಲ್ಟ್ಸ್ ಇದ್ದಾರಂತೆ’ ಎಂದು ಕಿಸಿಂಜರ್ ಬಂದರು, ‘ಕಿಸಿಂಜರ್ ಇದ್ದಾರಂತೆ’ ಎಂದು ಹಣವಂತರು ಬಂದರು. ವಾಲ್‌ಮಾರ್ಟಿನ ವಾಲ್ಟನ್ ಮನೆತನದಿಂದ 15 ಕೋಟಿ ಡಾಲರ್, ರೂಪರ್ಟ್ ಮರ್ಡಾಕ್‌ರಿಂದ 12 ಕೋಟಿಗೂ ಹೆಚ್ಚು, ಬೆಟ್ಸಿ ಡಿವೋಸ್ ಮನೆತನದಿಂದ 10 ಕೋಟಿ. 2014ರ ಜೂನ್‌ನಲ್ಲಿ ‘ಫಾರ್ಚೂನ್’ ಪತ್ರಿಕೆ ಹೋಮ್ಸ್ ಅವರನ್ನು ಮುಖಪುಟಕ್ಕೆ ಹಾಕಿತು. ಆಕೆ ಹೇಗೆ ಎಂದು ವಿಚಾರಿಸಲು ವರದಿಗಾರರು ಮಾತಾಡಿಸಿದವರಲ್ಲಿ ಈ ನಿರ್ದೇಶಕರೂ ಇದ್ದರು. ಗಂಡಿನ ಗುಣ ಕೇಳಲು ಗಂಡಿನ ಸೋದರಮಾವನ ಹತ್ತಿರ ಹೋಗುವ ನಮ್ಮ ಪದ್ಧತಿ ಅಲ್ಲಿಯೂ ಇದೆ ಎಂದು ತಿಳಿದು ಸಂತೋಷವಾಯಿತು.

ಮಂಡಳಿಯ ನಿಷ್ಠೆ ಎಷ್ಟರಮಟ್ಟಿನದು ಎಂಬುದಕ್ಕೆ ಒಂದು ಮನೆಯ ಸಂಗತಿ ಸಾಕು. ಶುಲ್ಟ್ಸ್ ಅವರ ಮೊಮ್ಮಗ ಟೈಲರ್ ಜೀವಶಾಸ್ತ್ರ ಓದಿ ಅದೇ ಕಂಪನಿಗೆ ಸೇರಿದ್ದ. ಕೆಲವೇ ತಿಂಗಳಲ್ಲಿ, ಫಲಿತಾಂಶ ಸರಿಯಿಲ್ಲ, ಗುಣಮಟ್ಟದ ಪರೀಕ್ಷೆಯಲ್ಲಿ ಯಂತ್ರ ಫೇಲಾಗುತ್ತಿದೆ ಎಂದು ಅಜ್ಜನಿಗೆ ಹೇಳಿದ. ಅಜ್ಜ ನಂಬಲಿಲ್ಲ. ಟೈಲರ್ ಕೆಲಸ ಬಿಟ್ಟ. 2015ರಲ್ಲಿ, ಪತ್ರಕರ್ತರಿಗೆ ಸುದ್ದಿ ಸಿಕ್ಕಿದೆ ಎಂಬ ಗುಮಾನಿ ಕಂಪನಿಗೆ ಬಂದಾಗ, ಅಜ್ಜನ ಜೊತೆ ವಕೀಲರಿಲ್ಲದೆ ಮಾತಾಡೋಣವೆಂದು ಅವನು ಅವರ ಮನೆಗೆ ಹೋದ. ಮಾತು ಮುಗಿಯುವ ಹೊತ್ತಿಗೆ ಮಹಡಿಯಿಂದ ಕಂಪನಿಯ ಇಬ್ಬರು ವಕೀಲರು ಕಾಗದ ಹಿಡಿದು ಇಳಿದು ಬಂದರು. ಮೊಮ್ಮಗ ಸಹಿ ಹಾಕಲಿಲ್ಲ. ಆ ಮೇಲಿನ ಕಾನೂನು ಖರ್ಚಿಗೆ ಅವನ ತಂದೆ ತಾಯಿ 4 ಲಕ್ಷ ಡಾಲರ್‌ಗೂ ಹೆಚ್ಚು ಸುರಿದರು. ಸ್ವಂತ ಮೊಮ್ಮಗನಿಗಿಂತ ಕಂಪನಿ ಮೇಲು ಎನ್ನುವ ನಿರ್ದೇಶಕರು ಎಷ್ಟು ಮಂಡಳಿಗಳಲ್ಲಿ ಸಿಕ್ಕಾರು?

ರೋಗಿಗಳ ವಿಷಯ ಸಣ್ಣ ಅಕ್ಷರದ್ದು. ಆರಿಜೋನಾದಲ್ಲಿ ವಾಲ್‌ಗ್ರೀನ್ಸ್ ಔಷಧದಂಗಡಿಗಳಲ್ಲಿ ಜನ ಬೆರಳು ಒಡ್ಡಿದರು. ಮೊದಲೇ ಗರ್ಭಪಾತಗಳ ನೋವು ಕಂಡಿದ್ದ ಒಬ್ಬ ಹೆಣ್ಣುಮಗಳಿಗೆ ಈ ಸಲವೂ ಗರ್ಭ ನಿಲ್ಲುತ್ತಿಲ್ಲ ಎಂಬ ಅಂಕಿ ಬಂತು. ಅವಳಿಗೆ ಆರೋಗ್ಯವಾದ ಮಗು ಹುಟ್ಟಿತು. ಇದನ್ನು ಅವಳು ಕೋರ್ಟಿನಲ್ಲಿ ನಿಂತು ಹೇಳಿದಳು. ಕಂಪನಿಯ ಪರೀಕ್ಷೆಗಳಲ್ಲಿ ಅಮೆರಿಕದ ಔಷಧ ಇಲಾಖೆ 2015ರಲ್ಲಿ ಒಪ್ಪಿಗೆ ಕೊಟ್ಟದ್ದು ಒಂದಕ್ಕೆ, ಹರ್ಪಿಸ್ ಎಂಬ ಹುಣ್ಣಿನ ರೋಗದ್ದಕ್ಕೆ. 2016ರಲ್ಲಿ ಎಡಿಸನ್ ಯಂತ್ರದ ಎರಡು ವರ್ಷಗಳ ಫಲಿತಾಂಶಗಳನ್ನೆಲ್ಲ ಕಂಪನಿಯೇ ರದ್ದು ಮಾಡಿತು.

ಮುಚ್ಚಳ ತೆಗೆದದ್ದು 2015ರ ಅಕ್ಟೋಬರ್‌ನಲ್ಲಿ ಜಾನ್ ಕ್ಯಾರಿರೂ ಎಂಬ ವರದಿಗಾರ, ಅದೂ ‘ವಾಲ್ ಸ್ಟ್ರೀಟ್ ಜರ್ನಲ್’ನಲ್ಲಿ, ನಾಲ್ವರು ಹಿರಿಯರು ಅಣ್ವಸ್ತ್ರದ ಬಗ್ಗೆ ಬರೆದಿದ್ದ ಅದೇ ಪತ್ರಿಕೆ, ಮರ್ಡಾಕ್‌ ಮಾಲೀಕತ್ವದ್ದು. ಹೋಮ್ಸ್ ದೂರಿಕೊಂಡರೂ ಮಾಲೀಕರು ಕೈ ಹಾಕಲಿಲ್ಲ. ತಮ್ಮ ಷೇರುಗಳನ್ನು ಕೊನೆಗೆ 1 ಡಾಲರ್‌ಗೆ ವಾಪಸು ಕೊಟ್ಟರು. ಕಂಪನಿ ಹಿರಿಯರನ್ನು ‘ಸಲಹೆಗಾರರ ಮಂಡಳಿ’ ಎಂಬ ಇನ್ನೊಂದು ಪೀಠಕ್ಕೆ ಸರಿಸಿತು. 2016ರ ಏಪ್ರಿಲ್‌ನಲ್ಲಿ, ಅಂದರೆ ರಕ್ತ ಪರೀಕ್ಷೆಯ ಕಂಪನಿ ಶುರುವಾಗಿ ಹದಿಮೂರನೇ ವರ್ಷಕ್ಕೆ, ರಕ್ತ ಪರೀಕ್ಷೆ ಬಲ್ಲವರ ಒಂದು ಸಮಿತಿಯನ್ನೂ ಮಾಡಿದರು. ಆತುರ ಪಟ್ಟರು ಎಂದೇ ನನ್ನ ಅಭಿಪ್ರಾಯ. 2018ರಲ್ಲಿ ಕಂಪನಿಯೇ ಮುಚ್ಚಿತು.

ಹೂಡಿಕೆದಾರರಿಗೆ ಮೋಸ ಮಾಡಿದ್ದಕ್ಕೆ ಹೋಮ್ಸ್ ಅವರಿಗೆ ಹನ್ನೊಂದು ವರ್ಷ ಮೂರು ತಿಂಗಳು, ಬಲ್ವಾನಿಯವರಿಗೆ ಹನ್ನೆರಡು ವರ್ಷ ಹನ್ನೊಂದು ತಿಂಗಳು ಶಿಕ್ಷೆಯಾಯಿತು. ಘನ ಉಪಸ್ಥಿತಿಯಲ್ಲಿದ್ದವರಲ್ಲಿ ಯಾರ ಮೇಲೂ ಕ್ರಿಮಿನಲ್ ಮೊಕದ್ದಮೆ ಬೀಳಲಿಲ್ಲ. ಶುಲ್ಟ್ಸ್ ನೂರು ವರ್ಷ ತುಂಬಿಸಿ ತೀರಿಕೊಂಡರು, ಕಿಸಿಂಜರ್ ಕೂಡ. ಜನರಲ್ ಮ್ಯಾಟಿಸ್ 2017ರ ಜನವರಿಯಲ್ಲಿ ಅಮೆರಿಕದ ರಕ್ಷಣಾ ಸಚಿವರಾದರು. ಸೆನೆಟ್ಟಿನಲ್ಲಿ ಅವರ ಪರ 98 ಮತ, ವಿರುದ್ಧ 1. ಆ ಒಬ್ಬರ ತಕರಾರು, ಸೇನೆಯಿಂದ ನಿವೃತ್ತರಾಗಿ ಇನ್ನೂ ಏಳು ವರ್ಷ ಆಗಿಲ್ಲ ಎಂಬುದಾಗಿತ್ತು.